ಬಿಸಿಲು ಅಳೆಯಲು ಡೇಟಾ ಲಾಗರ್ ಕೊಳ್ಳುವವರು ಸ್ವಲ್ಪ ನಿಲ್ಲಿ

ನಮ್ಮದು ಹೊಳಲ್ಕೆರೆ ಹತ್ತಿರದ ಅಡಿಕೆ ತೋಟ. ಬೇಯಿಸಿದ ಅಡಿಕೆ ಒಣಗಿಸಲು ಸೋಲಾರ್ ಡ್ರೈಯರ್ ಕಟ್ಟಿಸುವ ಆಸೆ. ಅದಕ್ಕೂ ಮೊದಲು ನಮ್ಮ ಮಾಳಿಗೆ ಮೇಲೆ ನಿಜಕ್ಕೂ ಎಷ್ಟು ಬಿಸಿಲು ಬೀಳುತ್ತೆ ಅಂತ ಅಳೆಯಲು ಹೊರಟೆ. ಹತ್ತು ವಾರದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಸೆನ್ಸರಿಗೆ ದುಡ್ಡು ಸುರಿಯಲು ಹಿಂದೆಮುಂದೆ ನೋಡಲಿಲ್ಲ. ಗಾಜಿನ ಗುಮ್ಮಟದ ಒಳ್ಳೆ ಪೈರನೋಮೀಟರ್, ಅಂದರೆ ಬಿಸಿಲು ಅಳೆಯುವ ಸೆನ್ಸರ್. ಅದು ಕೊಡುವ ಅಂಕಿ ಬರೆದಿಡುವ ಲಾಗರ್ ಮಾತ್ರ ಅಗ್ಗದ್ದು. "ಯಾವ ಸೆನ್ಸರ್ ಬೇಕಾದ್ರೂ ಹಾಕಿ ಸಾರ್, ಓದುತ್ತೆ" ಅಂದ ಮಾರಿದವನು. ನಂಬಿದೆ. ಬಿಸಿಲು ಏರಿದಂತೆ ಅಂಕಿಯೂ ಏರುತ್ತಿತ್ತು, ಸಂಜೆ ಇಳಿಯುತ್ತಿತ್ತು. ಇನ್ನೇನು ಬೇಕು ಅಲ್ವಾ?

ಏಪ್ರಿಲ್ ಕೊನೆಗೆ ಕಂಪ್ಯೂಟರಿಗೆ ಹಾಕಿ ಗ್ರಾಫ್ ತೆಗೆದೆ. ಅಪ್ಪ ಹಿಂದಿನಿಂದ ಇಣುಕಿ, "ಏನೋ ಇದು, ದುರ್ಗದ ಕೋಟೆ ಮೆಟ್ಟಿಲು ಬರೆದಿದ್ದೀಯಾ?" ಅಂದರು. ನಿಜಕ್ಕೂ ಮೆಟ್ಟಿಲೇ. 732, 854, 976. ನಡುವೆ ಒಂದೇ ಒಂದು ಅಂಕಿ ಇಲ್ಲ.

ಕಾರಣ ಸರಳ. ನನ್ನ ಸೆನ್ಸರ್ ಚದರ ಮೀಟರಿಗೆ 1 ವ್ಯಾಟ್ ಬಿಸಿಲಿಗೆ ಕೊಡುವುದು 10 ಮೈಕ್ರೋವೋಲ್ಟ್. 1000 ವ್ಯಾಟಿನ ಸುಡುಬಿಸಿಲಿಗೂ ಬರೀ 10 ಮಿಲಿವೋಲ್ಟ್. ಲಾಗರ್ ಓದುವುದು 0ಯಿಂದ 5 ವೋಲ್ಟ್, 12 ಬಿಟ್. ಅಂದರೆ 5 ವೋಲ್ಟನ್ನು 4096 ಪಾಲು ಮಾಡುತ್ತೆ, ಒಂದು ಪಾಲು 1.22 ಮಿಲಿವೋಲ್ಟ್. ಅಲ್ಲಿಗೆ ಒಂದು ಮೆಟ್ಟಿಲು 122 ವ್ಯಾಟ್! ಗೋಣಿಚೀಲ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ. ಅಂಗಡಿಗೆ ಫೋನ್ ಮಾಡಿದರೆ, "ಓದ್ತಿದೆ ತಾನೆ ಸಾರ್?" ಅಂದ. ಅದೂ ಸುಳ್ಳಲ್ಲ ಬಿಡಿ.

ಇನ್ನೊಂದು ತಮಾಷೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12:25ಕ್ಕೆ. ಗ್ರಾಫಿನಲ್ಲಿ ನಡುಹಗಲು ಬೆಳಗ್ಗೆ 7ಕ್ಕೇ ಆಗಿತ್ತು. ಲಾಗರ್ ಗಡಿಯಾರ ಗ್ರೀನಿಚ್ ಟೈಮಿನಲ್ಲಿತ್ತು. ಐದೂವರೆ ಗಂಟೆ ಕೂಡಿಸಿದೆ, ಸರಿಹೋಯಿತು. ಮೆಟ್ಟಿಲಿಗೆ ಮಾತ್ರ ಮದ್ದಿಲ್ಲ. ಬರೆದಿಡದ ಅಂಕಿ ಎಲ್ಲಿಂದ ತರೋದು?

ಕೊಳ್ಳುವ ಮೊದಲು ಅಂಗಡಿಯವನಿಗೆ "ಸೆನ್ಸರ್ ಓದುತ್ತಾ" ಅಂತ ಕೇಳಬೇಡಿ. "ಎಷ್ಟು ಮೈಕ್ರೋವೋಲ್ಟಿನವರೆಗೆ ಬಿಡಿಸಿ ಓದುತ್ತೆ" ಅಂತ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಇಲ್ಲವೇ 0-5 ವೋಲ್ಟ್ ಅಥವಾ 4-20 ಮಿಲಿಆಂಪ್ ಕೊಡುವ, ಒಳಗೇ ಆಂಪ್ಲಿಫೈಯರ್ ಇರುವ ಸೆನ್ಸರನ್ನೇ ಕೊಳ್ಳಿ. ಲಾಗರನ್ನು ಕೈಯಲ್ಲೇ ಮಾಡಿಕೊಳ್ಳುವವರಿಗೆ, ವೋಲ್ಟೇಜನ್ನು ಅಂಕಿ ಮಾಡಿಕೊಡಲು ಎಡಿಎಸ್1115 ಅನ್ನೋ ಸಣ್ಣ ಬೋರ್ಡ್ ಸಾಕು. ಅದರ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) 16ಕ್ಕೆ ಇಟ್ಟರೆ ಒಂದು ಮೆಟ್ಟಿಲು 7.8 ಮೈಕ್ರೋವೋಲ್ಟ್. ನನ್ನ ಸೆನ್ಸರಿಗೆ ಅದು 1 ವ್ಯಾಟಿಗಿಂತ ಕಡಿಮೆ. ನಾನೀಗ ಅದನ್ನೇ ಹಾಕಿದ್ದೇನೆ. ಸೆನ್ಸರ್ ಜೊತೆ ಬರುವ ಸರ್ಟಿಫಿಕೇಟ್ ಎಸೆಯಬೇಡಿ, ಆ ಮೈಕ್ರೋವೋಲ್ಟ್ ಲೆಕ್ಕ ಒಂದೊಂದು ಸೆನ್ಸರಿಗೆ ಒಂದೊಂದು ಥರ. ರಾತ್ರಿ ಸೊನ್ನೆಗಿಂತ ಎರಡು-ಮೂರು ವ್ಯಾಟ್ ಕೆಳಗೆ ತೋರಿಸಿದರೆ ಗಾಬರಿ ಬೇಡ. ತೆರೆದ ಆಕಾಶಕ್ಕೆ ಗುಮ್ಮಟ ತಣ್ಣಗಾಗುವುದರಿಂದ ಹಾಗಾಗುತ್ತೆ.

ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ಮನೆಯಲ್ಲಿ ವೈರಿಂಗ್ ಕೆಲಸಕ್ಕಿದ್ದ ಹಳದಿ ಮಲ್ಟಿಮೀಟರನ್ನು 200 ಮಿಲಿವೋಲ್ಟಿಗೆ ತಿರುಗಿಸಿ ಸೆನ್ಸರಿಗೆ ಹಿಡಿದೆ. 9.1, 9.2, 9.1 ಅಂತ ತೋರಿಸಿತು. ಒಂದು ಮೆಟ್ಟಿಲಿಗೆ 10 ವ್ಯಾಟ್. ಮೊದಲ ದಿನವೇ ಐದು ನಿಮಿಷ ಹೀಗೆ ನೋಡಿದ್ದರೆ ಬೇಸಿಗೆ ಉಳಿಯುತ್ತಿತ್ತು. ಆ ಲಾಗರ್ ಈಗ ಯುಪಿಎಸ್ ಬ್ಯಾಟರಿಯ ವೋಲ್ಟೇಜ್ ಬರೆದುಕೊಳ್ಳುತ್ತಾ ಕೂತಿದೆ. ಬ್ಯಾಟರಿಯ ವೋಲ್ಟೇಜನ್ನು 5ರೊಳಗೆ ಇಳಿಸಲು ಎರಡು ರೆಸಿಸ್ಟರ್ ಹಾಕಿಕೊಟ್ಟಿದ್ದೇನೆ, ಆ ಕೆಲಸ ಚೆನ್ನಾಗೇ ಮಾಡುತ್ತೆ.