ತುಡುವೆ ಪೆಟ್ಟಿಗೆಗೆ ಮೇಣದ ಹಾಳೆ: ಕೊಳ್ಳುವ ಮೊದಲು, ಅಂಟಿಸುವ ಮೊದಲು

ಮಂಗಳೂರು, ಉಡುಪಿ ಕಡೆಯ ಜೇನು ಸಾಕಣೆಯವರ ಕೈಗೆ ಎರಡು ಬಗೆಯ ಮೇಣದ ಹಾಳೆ (ಹುಳಗಳು ಎರಿ, ಅಂದರೆ ಕಣಗಳ ಗೂಡು, ಕಟ್ಟಲು ಬುನಾದಿಯಾಗುವ ಅಚ್ಚೊತ್ತಿದ ಹಾಳೆ) ಬರುತ್ತದೆ: ನಮ್ಮ ನಾಡಿನ ಜೇನು ತುಡುವೆಯ ಅಚ್ಚಿನದು ಮತ್ತು ಆನ್‌ಲೈನಿನಲ್ಲಿ ತರಿಸುವ, ದೊಡ್ಡ ಗಾತ್ರದ ಯುರೋಪಿನ ಜೇನು ಮೆಲ್ಲಿಫೆರಾದ ಅಚ್ಚಿನದು. ನ್ಯೂಟನ್ ಪೆಟ್ಟಿಗೆಯಲ್ಲಿ (ಚೌಕಟ್ಟುಗಳಿರುವ ಚಿಕ್ಕ ಜೇನುಪೆಟ್ಟಿಗೆ) ತುಡುವೆ ಸಾಕುವವರು ಮೊದಲನೆಯದನ್ನೇ ಕೊಳ್ಳಿ. ಅದರಲ್ಲಿ ಇಂಚಿಗೆ ಸುಮಾರು ಆರು ಕಣ. ಮೆಲ್ಲಿಫೆರಾ ಹಾಳೆಯ ಕಣ 5.4 ಮಿ.ಮೀ. ಆಸುಪಾಸು, ನಮ್ಮ ಹುಳಕ್ಕೆ ತೀರಾ ದೊಡ್ಡದು. ಹುಳಗಳು ಅದನ್ನು ಕಚ್ಚಿ ತಮ್ಮ ಅಳತೆಗೆ ಕಟ್ಟಹೊರಟು ಎರಿ ಸೊಟ್ಟಗಾಗುತ್ತದೆ, ಗಂಡುನೊಣದ ಕಣವೂ ಹೆಚ್ಚುತ್ತದೆ.

ಶುದ್ಧ ಹಾಳೆಗೆ ಜೇನುಮೇಣದ ಪರಿಮಳವಿರುತ್ತದೆ. ಪ್ಯಾರಾಫಿನ್ ಬೆರೆಸಿದ್ದು ಬೇಗ ಜೋಲುತ್ತದೆ, ಹುಳಗಳೂ ಮನಸ್ಸಿಟ್ಟು ಕಟ್ಟುವುದಿಲ್ಲ. ಮೇಲೆ ಬೂದಿಯಂತೆ ಬಿಳಿ ಪುಡಿ ಕಂಡರೆ ಹೆದರಬೇಡಿ, ಅದು ಬೂಷ್ಟಲ್ಲ. ತುಸು ಬಿಸಿ ತಾಗಿದರೆ ಹೋಗುತ್ತದೆ.

ಸಂಸಾರ ಕೋಣೆಗೆ (ಮರಿ ಬೆಳೆಯುವ ಕೋಣೆ) ಇಡೀ ಹಾಳೆ ದಂಡ ಎನ್ನುವುದು ನಮ್ಮ ಅಭಿಪ್ರಾಯ. ನಮ್ಮ ಸೆಕೆಗೆ ತಂತಿಯಿಲ್ಲದ ಪೂರ್ತಿ ಹಾಳೆ ಬಾಗುತ್ತದೆ, ಬಾಗಿದಲ್ಲೇ ಎರಿ ಪಕ್ಕದ್ದಕ್ಕೆ ಅಂಟುತ್ತದೆ. ಹಾಳೆಯಿಂದ ಒಂದಿಂಚಿನ ಪಟ್ಟಿ ಕತ್ತರಿಸಿ ಚೌಕಟ್ಟಿನ ಮೇಲ್ಪಟ್ಟಿಯ ಗೀರಿನಲ್ಲಿ ಕೂರಿಸಿದರೆ ಸಾಕು. ಮೇಣವನ್ನು ನೇರ ಬೆಂಕಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಚೌಕಟ್ಟನ್ನು ತಲೆಕೆಳಗು ಹಿಡಿದು ತುಸು ವಾಲಿಸಿ, ಗೀರಿನ ಮೇಲ್ತುದಿಯಲ್ಲಿ ಅರ್ಧ ಚಮಚ ಬಿಟ್ಟರೆ ಮೇಣ ಉದ್ದಕ್ಕೂ ಹರಿದು ಹೆಪ್ಪುಗಟ್ಟುತ್ತದೆ. ಆರುವವರೆಗೆ ಪಟ್ಟಿ ಅಲುಗಬಾರದು. ಅದು ಮಧ್ಯದಿಂದ ಮೂರು ಮಿ.ಮೀ. ಸರಿದರೂ ಎರಿ ಅಷ್ಟೇ ಸರಿದು ಬರುತ್ತದೆ.

ಹಾಳೆ ಎಷ್ಟೇ ಒಳ್ಳೆಯದಿರಲಿ, ಪೆಟ್ಟಿಗೆ ಸರಿಯಿಲ್ಲದಿದ್ದರೆ ದುಡ್ಡು ನೀರಿಗೆ ಹಾಕಿದಂತೆ. ಎರಿ ತೂಗುಗುಂಡಿನಂತೆ ನೇರ ಕೆಳಗಿಳಿಯುತ್ತದೆ. ಪೆಟ್ಟಿಗೆ ಎಡಕ್ಕೋ ಬಲಕ್ಕೋ ವಾಲಿದರೆ ಚೌಕಟ್ಟು ಬಿಟ್ಟು ಹೊರಗೆ ಹೋಗುತ್ತದೆ. ಅಡ್ಡಕ್ಕೆ ರಸಮಟ್ಟ ಇಟ್ಟು ನೋಡಿ. ಮಳೆನೀರು ಇಳಿಯಲೆಂದು ಬಾಗಿಲ ಕಡೆ ತುಸು ವಾಟ ಕೊಡಬಹುದು, ಚೌಕಟ್ಟುಗಳು ಅದೇ ದಿಕ್ಕಿಗೆ ಇರುವುದರಿಂದ ತೊಂದರೆಯಿಲ್ಲ. ಮೇಲ್ಪಟ್ಟಿಯ ಅಗಲ 22 ಮಿ.ಮೀ., ಎರಡು ಮೇಲ್ಪಟ್ಟಿಗಳ ನಡುವಿನ ಸಂದು 8 ಮಿ.ಮೀ. ಇರಲಿ; ಸಂದು ಜಾಸ್ತಿಯಾದರೆ ಅಡ್ಡ ಎರಿ ಖಂಡಿತ. ಹಸಿ ಮರದ ಪೆಟ್ಟಿಗೆ ಒಂದು ಮಳೆಗಾಲದಲ್ಲೇ ಸೊಟ್ಟಗಾಗಿ ಈ ಅಳತೆಯನ್ನೆಲ್ಲ ಕೆಡಿಸುತ್ತದೆ.

ಹೊಸ ಪಟ್ಟಿಯನ್ನು ಎರಡು ನೇರ ಎರಿಗಳ ನಡುವೆ ಕೊಡಿ, ಆದರೆ ಮರಿಯಿರುವ ಎರಿಗಳನ್ನು ಬೇರ್ಪಡಿಸಬೇಡಿ. ಹೂವು ಕಡಿಮೆಯಿದ್ದರೆ ಸಂಜೆ ಸಮಪಾಲು ಸಕ್ಕರೆ ಪಾಕ ಇಡಿ. ಹೊಟ್ಟೆಗಿಲ್ಲದ ಹುಳ ಮೇಣ ಸ್ರವಿಸದು. ಮೂರನೇ ದಿನ ತೆರೆದು ನೋಡಿ. ಆಗ ಎರಿ ಬೆಳ್ಳಗೆ, ಮೆತ್ತಗಿರುತ್ತದೆ. ಪಕ್ಕಕ್ಕೆ ಹೊರಟಿದ್ದರೆ ಬೆರಳಲ್ಲಿ ಒತ್ತಿ ಸಾಲಿಗೆ ತರಬಹುದು. ಮೊಟ್ಟೆ ಬಿದ್ದ ಮೇಲೆ ಒತ್ತುವ ಹಾಗಿಲ್ಲ. ಆಗ ಸೊಟ್ಟ ಎರಿಯನ್ನು ಬದಿಗೆ ಸರಿಸಿ, ಮರಿಗಳೆಲ್ಲ ಹೊರಬಿದ್ದ ಮೇಲೆ ಕತ್ತರಿಸಿ ತೆಗೆಯಿರಿ.