ಇಂಟರ್‌ವ್ಯೂ ಕೊಟ್ಟವನೊಬ್ಬ, ಕೆಲಸಕ್ಕೆ ಸೇರಿದವನು ಇನ್ನೊಬ್ಬ

ಕತ್ತರಿಸಿದ್ದು 2,400 ಪ್ಯಾಂಟ್. ನಮ್ಮ ಆ್ಯಪ್ ಲೆಕ್ಕದಲ್ಲಿ ಜಿಪ್ ಕೂರಿಸಿದ್ದು 3,110. ಬಳ್ಳಾರಿ ಕೌಲ್‌ಬಜಾರಿನ ಜೀನ್ಸ್ ಯೂನಿಟ್ ಒಂದರ ಓನರ್ ಫೋನನ್ನು ನನ್ನ ಮುಖಕ್ಕೆ ಹಿಡಿದು, "ಒಂದು ಪ್ಯಾಂಟಿಗೆ ಎಷ್ಟು ಜಿಪ್ ಹಾಕ್ತಾರಪ್ಪಾ, ನೀನೇ ಹೇಳು" ಅಂದರು. ಶನಿವಾರ ಸಂಜೆ ಆರೂವರೆ. ಬಟವಾಡೆ ಟೈಮು. ಬಾಗಿಲ ಹತ್ತಿರ ನಲವತ್ತು ಜನ ಟೈಲರ್‌ಗಳು ದುಡ್ಡಿಗೆ ಕಾಯ್ತಾ ನಿಂತಿದ್ದರು.

ಇಲ್ಲಿನ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ನಾನು ಹೋಗೋ ಯೂನಿಟ್‌ಗಳಲ್ಲಿ ಹೊಲಿಗೆ ಪೀಸ್ ರೇಟ್ ಮೇಲೆ. ಒಬ್ಬರು ಜೇಬು, ಒಬ್ಬರು ಜಿಪ್, ಒಬ್ಬರು ಬೆಲ್ಟ್. ಎಷ್ಟು ಪೀಸ್ ಮುಗಿಸಿದರೋ ಅಷ್ಟು ದುಡ್ಡು, ವಾರಕ್ಕೊಮ್ಮೆ. ಬಂಡಲ್ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿ ಯಾರು ಎಷ್ಟು ಹೊಲಿದರು ಅಂತ ಎಣಿಸೋದು ನಮ್ಮ ಆ್ಯಪ್ ಕೆಲಸ. ನಾವು ಆರು ಜನ. ಬೇರೇನೂ ಮಾಡಲ್ಲ. ಆ ಒಂದೇ ಕೆಲಸದಲ್ಲಿ ತಪ್ಪಿದೆವು.

ತಪ್ಪಿದ್ದು ಹೇಗೆ ಅಂತ ಹೇಳೋಕೆ ನನ್ನ ವಾರ ಹೇಳಬೇಕು. ಸೋಮವಾರ, ಮಂಗಳವಾರ ಯೂನಿಟ್ ಸುತ್ತೋದು, ಕೌಲ್‌ಬಜಾರಿನಿಂದ ಮುಂಡರಗಿ ಇಂಡಸ್ಟ್ರಿಯಲ್ ಏರಿಯಾ ತನಕ. ಬುಧವಾರ ಬಾಕಿ ವಸೂಲಿ, "ನಾಳೆ ಬಾ" ಅನ್ನಿಸಿಕೊಂಡು ಬರೋದು. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ರಿಟರ್ನ್. ಶುಕ್ರವಾರ ರಾತ್ರಿ ಲೆಕ್ಕ ತಾಳೆ ನೋಡೋದು, ಶನಿವಾರ ಬಟವಾಡೆಗೆ ಫೋನ್ ಕೈಯಲ್ಲೇ ಹಿಡಿದು ಕೂರೋದು. ಉಳಿದಿದ್ದು ಗುರುವಾರ ರಾತ್ರಿ ಮಾತ್ರ. ಜನ ತಗೊಳ್ಳೋ ಕೆಲಸ ಆ ರಾತ್ರಿಗೆ ಬಿತ್ತು. ದಿನವೆಲ್ಲಾ ಬಿಸಿಲಲ್ಲಿ ಬೈಕ್ ಓಡಿಸಿ ಬಂದವನು ಹತ್ತೂವರೆಗೆ ಕೂತು ಇನ್ನೊಬ್ಬರ ಬುದ್ಧಿ ಅಳೆಯೋದು ಅಂದ್ರೆ ಹೇಗಿರುತ್ತೆ ಅಂತ ಊಹೆ ಮಾಡಿ.

ನಮ್ಮ ಹಳೇ ಡೆವಲಪರ್ ಇಲ್ಲಿನ ಹುಡುಗನೇ. ಒಳ್ಳೆಯವನು. ಕಲ್ಯಾಣ ಕರ್ನಾಟಕದವರಿಗಿರೋ 371ಜೆ ಮೀಸಲಾತಿಯಲ್ಲಿ ಸರ್ಕಾರಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪೋಸ್ಟ್ ಸಿಕ್ಕಿತು, ಸ್ವೀಟ್ ಕೊಟ್ಟು ಹೋದ. ಅವನನ್ನು ತಪ್ಪು ಅನ್ನೋಕಾಗಲ್ಲ. ಆದರೆ ನಾನು ತಲೆಯಲ್ಲಿ ಒಂದು ಹುಚ್ಚು ಲೆಕ್ಕ ಹಾಕಿಕೊಂಡೆ: ಇಲ್ಲಿನವರನ್ನು ತಗೊಂಡರೆ ಗೌರ್ಮೆಂಟ್ ಕೆಲಸ ಸಿಕ್ಕ ಕೂಡಲೇ ಹೋಗ್ತಾರೆ, ಬೆಂಗಳೂರಿನವರು ಇರ್ತಾರೆ. ಅಲ್ಲಿನ ಒಂದು ಕನ್ಸಲ್ಟೆನ್ಸಿ ಹಿಡಿದೆ. ಫೀ ವರ್ಷದ ಸಂಬಳದ ಶೇ 8.33, ಅಂದ್ರೆ ಒಂದು ತಿಂಗಳ ಸಂಬಳ, ಮೇಲೆ ಜಿಎಸ್‌ಟಿ. ಮನೆಯಿಂದಲೇ ಕೆಲಸ, ತಿಂಗಳಿಗೆ 70,000.

ಕನ್ಸಲ್ಟೆನ್ಸಿಯವರು ಕಳಿಸಿದ ಡೆವಲಪರ್ ವಿಡಿಯೋ ಇಂಟರ್‌ವ್ಯೂನಲ್ಲಿ ಭಾಳ ಚೆನ್ನಾಗಿ ಮಾತಾಡಿದ. ಕನ್ನಡದಲ್ಲೇ. ಮುಖ ಸ್ವಲ್ಪ ಮಸುಕು, ತುಟಿ ಮತ್ತು ಮಾತು ಕೂಡ್ತಾ ಇರಲಿಲ್ಲ, "ನೆಟ್ ಸ್ಲೋ ಇದೆ ಸರ್" ಅಂದ. ಪ್ರತಿ ಪ್ರಶ್ನೆಯನ್ನೂ ಒಂದು ಸಲ ತಾನೇ ತಿರುಗಿ ಹೇಳ್ತಿದ್ದ, ಐದಾರು ಸೆಕೆಂಡ್ ಸುಮ್ಮನಿರ್ತಿದ್ದ, ಆಮೇಲೆ ಪುಸ್ತಕ ಓದಿದ ಹಾಗೆ ಉತ್ತರ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದು ಏನು ಗೊತ್ತಾ? "ಯೋಚಿಸಿ ಮಾತಾಡ್ತಾನೆ." ಅದಕ್ಕೆ ಎರಡು ಮಾರ್ಕ್ಸ್ ಜಾಸ್ತಿ ಬೇರೆ.

ಸೇರಿದ ಮೇಲೆ ಕ್ಯಾಮೆರಾ ಯಾವತ್ತೂ ಆನ್ ಇಲ್ಲ. ಕನ್ನಡವೂ ಇಲ್ಲ, ಎಲ್ಲಾ ಇಂಗ್ಲಿಷ್ ಮೆಸೇಜ್. ಕೋಡ್ ಬರ್ತಿದ್ದದ್ದು ರಾತ್ರಿ ಎರಡಕ್ಕೆ, ಮೂರಕ್ಕೆ. ಕೆಲಸ ಬರ್ತಿದೆಯಲ್ಲಾ ಅಂತ ನಾನು ಸುಮ್ನಿದ್ದೆ.

ಯೂನಿಟ್‌ಗಳಲ್ಲಿ ಕರೆಂಟ್ ಹೋದರೆ ವೈಫೈನೂ ಹೋಗುತ್ತೆ. ಬಂದ ಮೇಲೆ ಫೋನ್ ಅದೇ ಎಂಟ್ರಿಯನ್ನು ಮತ್ತೆ ಕಳಿಸುತ್ತೆ. ಹಾಗಾಗಿ ಒಂದು ಬಂಡಲ್‌ಗೆ ಒಂದು ಕೆಲಸ ಒಂದೇ ಸಲ ದಾಖಲಾಗಬೇಕು ಅಂತ ಡೇಟಾಬೇಸಿನಲ್ಲಿ ಹಳೇ ಹುಡುಗ ಒಂದು ಕಾವಲು ಇಟ್ಟಿದ್ದ. ಎರಡನೇ ಸಲ ಬಂದದ್ದನ್ನು ಅದು ಒಳಗೆ ಬಿಡ್ತಿರಲಿಲ್ಲ, ಎರರ್ ತೋರಿಸ್ತಿತ್ತು. ಈತ ಎರರ್ ನೋಡಿದ, ಕಾವಲನ್ನೇ ಕಿತ್ತುಹಾಕಿದ. "ಇಶ್ಯೂ ಫಿಕ್ಸ್ಡ್" ಅಂತ ಮೆಸೇಜ್ ಕಳಿಸಿದ. ನಾನು ಹೆಬ್ಬೆರಳು ಎತ್ತಿ ಇಮೋಜಿ ಹಾಕಿದೆ.

ಆ ಶನಿವಾರ ನಮ್ಮನ್ನು ಉಳಿಸಿದ್ದು ಒಬ್ಬ ವಯಸ್ಸಾದ ಟೈಲರಮ್ಮ. ಆ್ಯಪ್ ಬಂದ ಮೇಲೂ ಆಕೆ ಬಂಡಲ್ ಚೀಟಿ ಹರಿದು, ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಗೋಂದು ಹಚ್ಚಿ ಸಾಲಾಗಿ ಅಂಟಿಸಿಕೊಂಡು ಇಡ್ತಿದ್ದಳು. ಪುಟ ಎಲ್ಲಾ ಉಬ್ಬಿ ನೋಟ್‌ಬುಕ್ ಮುಚ್ಚೋಕೇ ಬರ್ತಿರಲಿಲ್ಲ, ಮೇಲೆ ರಬ್ಬರ್ ಬ್ಯಾಂಡ್. "ತಮ್ಮಾ, ನಿನ್ನ ಫೋನ್ ಒಳಗಿಡು. ಇದನ್ನ ಎಣಿಸು" ಅಂದಳು. ಎಣಿಸಿದೆ. ಆ್ಯಪ್ ಆಕೆಗೆ 118 ಪೀಸ್ ಜಾಸ್ತಿ ತೋರಿಸಿತ್ತು. ಬಾಯಿ ಮುಚ್ಚಿಕೊಂಡು ದುಡ್ಡು ತಗೊಂಡು ಹೋಗಬಹುದಿತ್ತು ಆಕೆ. ಉಳಿದವರೂ ಬ್ಯಾಗಿನಿಂದ, ಸೆರಗಿನ ಗಂಟಿನಿಂದ ಚೀಟಿ ತೆಗೆದರು. ಬಟವಾಡೆ ಮುಗಿದಾಗ ರಾತ್ರಿ ಹತ್ತೂಕಾಲು. ಇನ್ನೊಂದು ಯೂನಿಟ್‌ನಲ್ಲಿ ಹಿಂದಿನ ವಾರವೇ ಜಾಸ್ತಿ ದುಡ್ಡು ಹೋಗಿತ್ತು ಅಂತ ಭಾನುವಾರ ಗೊತ್ತಾಯಿತು. ಟೈಲರ್‌ಗಳ ಹತ್ತಿರ ವಾಪಸ್ ಕೇಳೋಕೆ ಮುಖ ಇರಲಿಲ್ಲ. 17,400 ನಾವೇ ಕಟ್ಟಿಕೊಟ್ಟೆವು.

ಶನಿವಾರ ರಾತ್ರಿಯೇ ಆತನಿಗೆ ಮೊದಲ ಸಲ ಮಾಮೂಲಿ ಫೋನ್ ಕಾಲ್ ಮಾಡಿದ್ದೆ, ಸ್ಪೀಕರ್ ಹಾಕಿ. ಎರಡು ಮಾತಾಡಿದ ಮೇಲೆ ನಮ್ಮ ಸಪೋರ್ಟ್ ಹುಡುಗಿ ನನ್ನ ತೋಳು ಹಿಡಿದು, "ಅಣ್ಣಾ, ಇದು ಇಂಟರ್‌ವ್ಯೂನಲ್ಲಿದ್ದ ದನಿ ಅಲ್ಲ" ಅಂದಳು. ರೆಕಾರ್ಡಿಂಗ್ ಹಾಕಿ ಕೇಳಿದೆವು. ಅಲ್ಲವೇ ಅಲ್ಲ. ಮುಖ ಇವನದು, ಮಾತಾಡಿದ್ದು ಪಕ್ಕದಲ್ಲಿ ಕೂತ ಇನ್ಯಾರೋ.

ಬಳ್ಳಾರಿಗೆ ಬಾ, ಕೂತು ಸರಿ ಮಾಡೋಣ ಅಂದೆ. ಹಂಪಿ ಎಕ್ಸ್‌ಪ್ರೆಸ್‌ಗೆ ಬರ್ತೀನಿ ಅಂದ. ನಾನು ಪೆದ್ದನ ಹಾಗೆ ಬೆಳಗಿನ ಜಾವ ಸ್ಟೇಷನ್ನಿಗೆ ಹೋಗಿ ಎರಡು ಟೀ ಕುಡಿದೆ. ರೈಲು ಬಂತು, ಹೊಸಪೇಟೆ ಕಡೆಗೆ ಹೊರಟೂ ಹೋಯಿತು. ಫೋನ್ ಸ್ವಿಚ್ಡ್ ಆಫ್. ಕನ್ಸಲ್ಟೆನ್ಸಿಯವರು ಗ್ಯಾರಂಟಿ 60 ದಿನ, ಇವತ್ತು 64ನೇ ದಿನ ಅಂದರು. ಎರಡು ತಿಂಗಳ ಸಂಬಳ 1,40,000, ಅವರ ಫೀ 82,600, ಯೂನಿಟ್‌ಗೆ ಕಟ್ಟಿದ್ದು 17,400. ಒಟ್ಟು 2,40,000. ಬೇರೆಯವರ ಸೋಗು ಹಾಕಿ ಮೋಸ ಮಾಡೋದು ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಂ ಪ್ರಕಾರ ಅಪರಾಧ. ದೂರು ಕೊಟ್ಟಿದ್ದೀನಿ.

ನೀವು ಜನ ತಗೊಳ್ಳೋವಾಗ ಎಕ್ಸ್‌ಪೀರಿಯನ್ಸ್ ಲೆಟರ್, ಸ್ಯಾಲರಿ ಸ್ಲಿಪ್ ಪಿಡಿಎಫ್ ನೋಡಿ ಸಮಾಧಾನ ಪಡಬೇಡಿ. ಅವು ಪ್ರಿಂಟ್ ಅಂಗಡಿಯಲ್ಲಿ ಹುಟ್ಟುತ್ತವೆ. ಪಿಎಫ್ ಇದ್ದವರಾದರೆ ಇಪಿಎಫ್‌ಒ ಸೈಟಿನಲ್ಲಿ ನಿಮ್ಮ ಎದುರೇ ಲಾಗಿನ್ ಆಗಿ ಸರ್ವಿಸ್ ಹಿಸ್ಟರಿ ತೋರಿಸಲಿ, ಯಾವ ಕಂಪನಿಯಲ್ಲಿ ಯಾವಾಗಿಂದ ಯಾವಾಗಿನ ತನಕ ಇದ್ದರು ಅಂತ ಅಲ್ಲಿ ಇರುತ್ತೆ. ಸಂಬಳದಲ್ಲಿ ಟಿಡಿಎಸ್ ಕಟ್ ಆಗಿದ್ದರೆ ಇನ್‌ಕಮ್ ಟ್ಯಾಕ್ಸ್‌ನವರ 26ಎಎಸ್ ಸ್ಟೇಟ್‌ಮೆಂಟ್‌ನಲ್ಲಿ ಹಳೇ ಕಂಪನಿ ಹೆಸರು ಸಿಗುತ್ತೆ. ಪಿಎಫ್ ಇಲ್ಲ ಅಂದ ಮಾತ್ರಕ್ಕೆ ಸುಳ್ಳುಗಾರ ಅಂತಲ್ಲ, 20 ಜನರಿಗಿಂತ ಕಡಿಮೆ ಇರೋ ಕಡೆ ಅದು ಕಡ್ಡಾಯ ಇಲ್ಲ, ನಮ್ಮಲ್ಲೂ ಇಲ್ಲ. ಅಂಥವರ ಹಳೇ ಮ್ಯಾನೇಜರ್ ನಂಬರ್ ಅವರಿಂದಲೇ ಇಸ್ಕೋಬೇಡಿ, ಕಂಪನಿಯ ಆಫೀಸಿಗೆ ನೀವೇ ಫೋನ್ ಮಾಡಿ. ನಾನಂತೂ ಈಗ ಟಿಕೆಟ್ ದುಡ್ಡು ಕೊಟ್ಟು ಬಳ್ಳಾರಿಗೆ ಕರೆಸ್ತೀನಿ. ಒಂದು ದಿನ ಯೂನಿಟ್‌ನಲ್ಲಿ ಕೂರಿಸ್ತೀನಿ, ಆ ದಿನದ ಕೂಲಿಯನ್ನೂ ಕೊಡ್ತೀನಿ. ಮೊದಲ ಮೂರು ತಿಂಗಳು ಅಸಲಿ ಡೇಟಾಬೇಸ್ ಕೀಲಿ ಯಾರಿಗೂ ಇಲ್ಲ. ರಾತ್ರಿ ಎಂಟರ ಮೇಲೆ ಇಂಟರ್‌ವ್ಯೂ ಇಲ್ಲ. ಈಗ ಇರೋ ಡೆವಲಪರ್ ಸಿರುಗುಪ್ಪದ ಹುಡುಗಿ, ಕೆಎಎಸ್‌ಗೆ ಓದ್ತಿದ್ದೀನಿ ಅಂತ ಮೊದಲೇ ಹೇಳಿ ಸೇರಿದ್ದಾಳೆ.

ಇದನ್ನೆಲ್ಲಾ ಇವತ್ತು ಯಾಕೆ ಬರೆದೆ ಅಂದ್ರೆ, ಮೊನ್ನೆ ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿದ್ದರು, ಆತ ಅವರಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಾನಂತೆ. ಜೊತೆಗೆ ನಮ್ಮ ಲೆಟರ್‌ಹೆಡ್‌ನಲ್ಲಿ ನನ್ನ ಸಹಿ ಇರೋ ಎಕ್ಸ್‌ಪೀರಿಯನ್ಸ್ ಲೆಟರ್. ನಮ್ಮಲ್ಲಿ ಎರಡೂವರೆ ವರ್ಷ ಕೆಲಸ ಮಾಡಿದ್ದಾನಂತೆ. ನಮ್ಮ ಕಂಪನಿ ಶುರುವಾಗಿ ಇನ್ನೂ ಒಂದೂವರೆ ವರ್ಷ.