ಅಂಗೈಯಷ್ಟು ಜಾಗದ ಪಾಲಿಶ್ ಸರಿ ಮಾಡಿಸಲು ಹೋಗಿ ಅಪ್ಪನ ಮೇಜು ಹಾಳಾಯಿತು

ಹಳೇ ಮರದ ಸಾಮಾನು ಇರುವವರು ದಯವಿಟ್ಟು ಇದನ್ನು ಓದಿ. ಬರೆಯುವಾಗಲೂ ಕೈ ನಡುಗುತ್ತಿದೆ, ಅಷ್ಟು ಸಿಟ್ಟಿದೆ.

ಅಪ್ಪ ಬರೆಯಲು ಕೂರುತ್ತಿದ್ದ ಮೇಜು ಅದು. ಬಿಸಿ ಲೋಟ ಇಟ್ಟು ಒಂದು ಬಿಳಿ ಉಂಗುರ ಬಿದ್ದಿತ್ತು. ಪಕ್ಕದಲ್ಲಿ ಬೆರಳುದ್ದದ ಗೀರು. ಇಷ್ಟೇ. "ಇಡೀ ಮೇಜು ಬೇಡ, ಅಷ್ಟು ಜಾಗ ಮಾತ್ರ" ಅಂತ ಪಾಲಿಶ್ ಮಾಡಲು ಬಂದವನಿಗೆ ಬಿಡಿಸಿ ಹೇಳಿದ್ದೆ. "ಅರ್ಧ ಗಂಟೆ ಕೆಲಸ ಮೇಡಂ, ಎಲ್ಲಿತ್ತು ಅಂತ ನಿಮಗೇ ಗೊತ್ತಾಗಲ್ಲ" ಅಂದ. ಪೂರ್ತಿ ದುಡ್ಡು ಮೊದಲೇ ಕೊಟ್ಟುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮೇಜಿನ ಮೇಲಿರುವುದು ಯಾವ ಪಾಲಿಶ್ ಅಂತ ಅವನು ನೋಡಲೇ ಇಲ್ಲ. ಒಂದು ಮೂಲೆಯಲ್ಲೂ ಪರೀಕ್ಷೆ ಮಾಡಲಿಲ್ಲ. ಸೀದಾ ಉಜ್ಜುವ ಮೆಷಿನ್ ಆನ್ ಮಾಡಿದ. ನಾನು ಒಳಗೆ ಹೋಗಿ ನೀರು ತರುವಷ್ಟರಲ್ಲಿ ಉಂಗುರ ಹೋಗಿತ್ತು. ಬಣ್ಣವೂ ಹೋಗಿತ್ತು! ಜೇನಿನ ಬಣ್ಣದ ಮೇಜಿನ ಮೇಲೆ ತಟ್ಟೆಯಗಲ ಬಿಳಿಚಿಕೊಂಡ ಜಾಗ. ಅದರ ನಡುವೆ ಮರದ ಗೆರೆಗಳು ಇದ್ದಕ್ಕಿದ್ದಂತೆ ಅಡ್ಡಕ್ಕೆ ತಿರುಗಿದ್ದವು. ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು, ಅದು ಕೆಳಗಿನ ಪ್ಲೈವುಡ್. ಅದರ ಮೇಲೆ ಅಂಟಿಸಿದ್ದ ವೆನೀರ್, ಅಂದರೆ ಒಳ್ಳೆ ಮರದ ತೆಳು ಹಾಳೆ, ಒಂದು ಮಿಲಿಮೀಟರ್ ಕೂಡ ದಪ್ಪ ಇರಲಿಲ್ಲ. ಅದನ್ನೇ ಉಜ್ಜಿ ತೆಗೆದಿದ್ದ.

"ಇದೇನು ಮಾಡಿದ್ರಿ?" ಅಂದೆ. "ಬಣ್ಣ ಹಾಕಿದ್ರೆ ಸೇರ್ಕೊಳ್ಳುತ್ತೆ ಮೇಡಂ." ದಪ್ಪಗೆ ವಾರ್ನಿಷ್ ಬಳಿದ. ಫಳಫಳ ಹೊಳೆಯುವ ತೇಪೆ. "ಒಣಗಲಿ, ಸರಿಹೋಗುತ್ತೆ."

ಒಣಗಿತು. ಸರಿಹೋಗಲಿಲ್ಲ. ಬೆರಳಾಡಿಸಿದರೆ ಅಂಚು ಮೆಟ್ಟಿಲಿನ ಹಾಗೆ ತಾಗುತ್ತದೆ. ಫೋಟೋ ಕಳಿಸಿದೆ. "ಬೆಳಕಿಗೆ ಹಾಗೆ ಕಾಣುತ್ತೆ." ಮತ್ತೆ ಕಳಿಸಿದೆ. "ನಿಮ್ಮ ಮರವೇ ಹಳೇದು, ನಾವೇನ್ ಮಾಡೋಣ?" ಮೂರನೇ ಸಲ ಫೋನ್ ಮಾಡಿದಾಗ ಏನಂದ ಗೊತ್ತಾ? "ಇಡೀ ಮೇಜಿಗೆ ಪಾಲಿಶ್ ಹೊಡೆಸಿಬಿಡಿ, ಎಲ್ಲಾ ಒಂದೇ ಥರ ಆಗುತ್ತೆ. ಅದಕ್ಕೆ ರೇಟ್ ಬೇರೆ." ಯಾವುದು ಬೇಡ ಅಂದಿದ್ದೆನೋ ಅದನ್ನೇ! ಈಗ ಫೋನ್ ಎತ್ತುತ್ತಿಲ್ಲ.

ಆಮೇಲೆ ತಿಳಿದವರೊಬ್ಬರನ್ನು ಕೇಳಿದೆ. ಬಿಳಿ ಉಂಗುರ ಅಂದರೆ ಸಾಮಾನ್ಯವಾಗಿ ಪಾಲಿಶ್ ಒಳಗೆ ಸಿಕ್ಕಿಕೊಂಡ ತೇವ, ಮರಕ್ಕೆ ಏನೂ ಆಗಿರುವುದಿಲ್ಲವಂತೆ. ಮೊದಲು ಡ್ರಾಯರ್ ಪಕ್ಕದಂಥ ಕಾಣದ ಜಾಗದಲ್ಲಿ ಹತ್ತಿಗೆ ಸ್ಪಿರಿಟ್ ಹಚ್ಚಿ ಒತ್ತಿ ನೋಡಬೇಕು. ಅಂಟಂಟಾದರೆ ಅರಗಿನ ಪಾಲಿಶ್, ಅದು ಸ್ಪಿರಿಟ್‌ಗೆ ಕರಗುತ್ತದೆ. ಪಾಲಿಯುರಿಥೇನ್ ಅನ್ನೋ ಪ್ಲಾಸ್ಟಿಕ್‌ನಂಥ ವಾರ್ನಿಷ್ ಆದರೆ ಕರಗುವುದಿಲ್ಲ, ಅದರ ರಿಪೇರಿಯೇ ಬೇರೆ. ಈ ಪರೀಕ್ಷೆ ಮಾಡದೆ ಮೆಷಿನ್ ಎತ್ತಿದರೆ ಅಲ್ಲೇ ನಿಲ್ಲಿಸಿ. ಸಣ್ಣ ಜಾಗಕ್ಕೆ ಮೆಷಿನ್ ಯಾಕೆ ಬೇಕು ಹೇಳಿ? ದುಡ್ಡಂತೂ ಮೊದಲೇ ಕೊಡಬೇಡಿ. ಕೆಲಸದ ಹೊತ್ತಿನಲ್ಲಿ ಪಕ್ಕದಿಂದ ಏಳಲೂ ಬೇಡಿ.

ಮೇಜಿನ ಇನ್ನೊಂದು ತುದಿಯಲ್ಲಿ ಚಿಕ್ಕ ಉಂಗುರವೊಂದು ಉಳಿದಿತ್ತು. ನಿನ್ನೆ ಡ್ರಾಯರ್ ಪಕ್ಕ ಪರೀಕ್ಷಿಸಿದೆ, ಅಂಟಿತು. ಬಟ್ಟೆಗೆ ಸ್ಪಿರಿಟ್ ಸೋಕಿಸಿ, ಹಿಂಡಿ, ಇನ್ನೇನು ಒಣಗಿತು ಅನ್ನುವಾಗ ಉಂಗುರದ ಮೇಲೆ ಹಗುರವಾಗಿ ಎಳೆದೆ. ನಾಲ್ಕೈದು ಸಲ. ಉಂಗುರ ಮಾಯವಾಯಿತು. ಅಲ್ಲೇ ಕೂತು ಅತ್ತುಬಿಟ್ಟೆ. ಆ ತುದಿ ಅಪ್ಪ ಇದ್ದಾಗಿನ ಹಾಗೇ ಇದೆ. ಈ ತುದಿಯನ್ನು ನೋಡಲಾಗದೆ ಬಟ್ಟೆ ಹಾಸಿಟ್ಟಿದ್ದೇನೆ.